ಪದ ಬೇಕಾಗುವ ಆಟ



ನಮ್ಮ ಪಠ್ಯಪುಸ್ತಕಗಳಲ್ಲಿ ಪಾಠ ಮುಗಿದ ಮೇಲೆ ‘ಪದಗಳ ಅರ್ಥ’ ಅಂತ ಒಂದು ಪಟ್ಟಿ ಇರುತ್ತದೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಳ್ಳುತ್ತಾರೆ. ಬೇಸಿಗೆ ರಜೆ ಮುಗಿಸಿ ಬಂದವರನ್ನು ಅದೇ ಪದ ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಆ ಪದದಿಂದ ಅವರಿಗೆ ಒಂದು ದಿನವೂ ಕೆಲಸ ಬಿದ್ದಿರಲಿಲ್ಲ. ಕೆಲಸಕ್ಕೆ ಬಾರದ್ದನ್ನು ಮನಸ್ಸು ಎಷ್ಟು ದಿನ ಅಂತ ಇಟ್ಟುಕೊಂಡೀತು?

ನಾನು ದಾವಣಗೆರೆ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಚಿಕ್ಕ ಮಕ್ಕಳಿಗೆ ಪದಗಳನ್ನು ಆಟದ ಮೂಲಕ ಕಲಿಸುವುದರ ಬಗ್ಗೆ ಇವತ್ತು ಒಂದಿಷ್ಟು ಮಾತು. ಆಟವಾಡಿಸಿ ಕಲಿಸಬೇಕು ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಆದರೆ ಎಲ್ಲ ಆಟವೂ ಪದ ಕಲಿಸುವುದಿಲ್ಲ. ಚೌಕದಲ್ಲಿ ಅಕ್ಷರ ತುಂಬಿಸಿ, ಅಡಗಿರುವ ಪದಕ್ಕೆ ಸುತ್ತು ಹಾಕಿಸುತ್ತೇವಲ್ಲ, ಆ ಅಕ್ಷರಜಾಲವನ್ನೇ ತೆಗೆದುಕೊಳ್ಳಿ. ‘ನೊಗ’ ಅನ್ನುವ ಪದವನ್ನು ಮಗು ಎರಡೇ ನಿಮಿಷದಲ್ಲಿ ಹುಡುಕಿಬಿಡುತ್ತದೆ. ನೊಗ ಅಂದರೆ ಏನು ಅಂತ ಅದಕ್ಕೆ ಗೊತ್ತಿರಬೇಕಾಗಿಯೇ ಇಲ್ಲ. ಅಕ್ಷರ ಗುರುತಿಸಲು ಅದು ಒಳ್ಳೆಯ ಅಭ್ಯಾಸ, ಪದ ಕಲಿಯಲು ಅಲ್ಲ. ಹಾಗಾಗಿ ಯಾವ ಆಟವನ್ನು ತರಗತಿಗೆ ತರುವ ಮೊದಲೂ ನಾನು ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಪದದ ಅರ್ಥ ಗೊತ್ತಿಲ್ಲದೆ ಈ ಆಟದಲ್ಲಿ ಗೆಲ್ಲಬಹುದೇ? ಗೆಲ್ಲಬಹುದು ಅಂತಾದರೆ ಅದು ಬೇರೆ ಯಾವುದಕ್ಕೋ ಇರಲಿ. ಆ ಪದವೇ ಬೇಕು, ಅದಿಲ್ಲದೆ ಆಟ ಮುಂದೆ ಹೋಗುವುದೇ ಇಲ್ಲ ಅನ್ನುವಂತಿರಬೇಕು.

ನಮ್ಮ ತರಗತಿಯಲ್ಲಿ ಒಂದು ಬಟ್ಟೆಯ ಚೀಲವಿದೆ, ಬಾಯಿಗೆ ಲಾಡಿ ಹಾಕಿ ಬಿಗಿದದ್ದು. ಅದರೊಳಗೆ ಒಂದು ತೆಂಗಿನ ಕರಟ, ಹುಣಸೆಬೀಜ, ಒಂದು ಹಿಡಿ ಹತ್ತಿ, ಬೆಲ್ಲದ ಅಚ್ಚಿನ ಚೂರು, ಒಣಗಿದ ಹೀರೇಕಾಯಿಯ ನಾರು, ಹೊಳೆಯ ಬೆಣಚುಕಲ್ಲು, ಒಂದು ಕೀಲಿಕೈ. ಒಂದು ಮಗು ಕೈ ಒಳಗೆ ಹಾಕಿ ಯಾವುದಾದರೂ ಒಂದನ್ನು ಹಿಡಿದುಕೊಳ್ಳಬೇಕು. ಹೊರಗೆ ತೆಗೆಯುವ ಹಾಗಿಲ್ಲ, ಅದರ ಹೆಸರು ಹೇಳುವ ಹಾಗೂ ಇಲ್ಲ. ಕೈಗೆ ಹೇಗನ್ನಿಸುತ್ತದೆ ಅಂತ ಮಾತ್ರ ಹೇಳಬೇಕು, ಉಳಿದವರು ಏನೆಂದು ಕಂಡುಹಿಡಿಯಬೇಕು.

ಮೊದಲ ಸಲ ಆಡಿಸಿದಾಗ ಬಂದದ್ದು ಎರಡೇ ಪದ: ‘ಗಟ್ಟಿ’ ಮತ್ತು ‘ಮೆತ್ತಗೆ’. ಕಲ್ಲೂ ಗಟ್ಟಿ, ಕರಟವೂ ಗಟ್ಟಿ, ಬೀಜವೂ ಗಟ್ಟಿ, ಕೀಲಿಕೈಯೂ ಗಟ್ಟಿ. ಕೂತವರು ಒಂದಾದ ಮೇಲೊಂದು ತಪ್ಪು ಹೇಳಿದರು. ಕೈ ಹಾಕಿದ ಹುಡುಗಿಗೆ ಸಿಟ್ಟು ಬಂತು. “ಗಟ್ಟಿ ಅಲ್ರೋ, ಒಂಥರಾ... ಒಂಥರಾ...” ಅಂತ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಾ ನನ್ನ ಕಡೆ ನೋಡಿದಳು. ಮೇಷ್ಟ್ರ ಕೆಲಸ ಬರುವುದು ಆ ಹೊತ್ತಿಗೆ. “ನುಣುಪೋ, ತರಿತರಿಯೋ?” ಅಂದೆ. “ಹೊರಗೆ ತರಿತರಿ, ಒಳಗೆ ನುಣುಪು!” ಅಂದಳು. “ಕರಟ!” ಅಂತ ಹಿಂದಿನ ಸಾಲಿನಿಂದ ಕೂಗು ಬಂತು. ಆ ಎರಡು ಪದಗಳನ್ನು ನಾನು ಬೋರ್ಡಿನ ಮೇಲೆ ಬರೆದು ಅರ್ಥ ಹೇಳಲಿಲ್ಲ. ಅವಳಿಗೆ ಬೇಕಾದ ಹೊತ್ತಿಗೆ ಕೈಗೆ ಕೊಟ್ಟೆ ಅಷ್ಟೆ. ಆಮೇಲೆ ಆ ಚೀಲದಿಂದ ಜಿಗುಟು, ದೊರಗು, ಮೊನಚು, ಹಗುರ, ಸುಕ್ಕು, ಟೊಳ್ಳು ಎಲ್ಲ ಬಂದವು. ‘ಟೊಳ್ಳು’ ಬಂದ ದಿನ ಮಕ್ಕಳು ತರಗತಿಯ ಗೋಡೆ, ಬೆಂಚು, ನೀರಿನ ಡ್ರಮ್ಮು ಎಲ್ಲವನ್ನೂ ತಟ್ಟಿ ಯಾವುದು ಟೊಳ್ಳು ಅಂತ ಪರೀಕ್ಷಿಸಿದರು.

ರೇಡಿಯೋದ ಮೈಕಿನ ಮುಂದೆ ಕೂತು ಇದನ್ನು ಹೇಳುವಾಗ ಇನ್ನೊಂದು ಆಟವನ್ನು ಹೇಳದೆ ಹೇಗಿರಲಿ? ಇದು ಕಿವಿಯ ಆಟ. ಮಕ್ಕಳೆಲ್ಲ ಕಣ್ಣು ಮುಚ್ಚಬೇಕು. ಮೇಜಿನ ಹಿಂದೆ ನಿಂತು ನಾನು ಒಂದೊಂದು ಸದ್ದು ಮಾಡುತ್ತೇನೆ. ಒಣ ಎಲೆ ತುಳಿಯುತ್ತೇನೆ, ಡಬ್ಬಿಗೆ ಕಾಳು ಸುರಿಯುತ್ತೇನೆ, ಗೆಜ್ಜೆ ಅಲುಗಿಸುತ್ತೇನೆ, ಬಟ್ಟೆ ಕೊಡವುತ್ತೇನೆ, ತಂಬಿಗೆಯಿಂದ ತಂಬಿಗೆಗೆ ನೀರು ಸುರಿಯುತ್ತೇನೆ. ಮಕ್ಕಳು ಸದ್ದಿಗೆ ಹೆಸರು ಕೊಡಬೇಕು. ಕನ್ನಡದಲ್ಲಿ ಇಂಥ ಪದಗಳಿಗೆ ಬರವೇ ಇಲ್ಲ: ಜುಳುಜುಳು, ಚಟಚಟ, ಪಟಪಟ, ಗಲಗಲ, ಕಿಣಿಕಿಣಿ, ಸರಸರ, ಗುಡುಗುಡು. ವ್ಯಾಕರಣದಲ್ಲಿ ಇವನ್ನು ಅನುಕರಣಾವ್ಯಯ ಅಂತ ಕರೆದು ಒಂದು ಅಂಕದ ಪ್ರಶ್ನೆ ಮಾಡಿ ಮುಗಿಸುತ್ತೇವೆ. ಮಕ್ಕಳಾದರೋ ಇವುಗಳಲ್ಲೇ ಬದುಕುತ್ತಾರೆ. ಆಟದ ಎರಡನೆಯ ಸುತ್ತಿನಲ್ಲಿ ಅದನ್ನು ತಿರುಗಿಸುತ್ತೇನೆ. ಪದವನ್ನು ನಾನು ಕೊಡುತ್ತೇನೆ, ತರಗತಿಯಲ್ಲಿರುವ ಸಾಮಾನಿನಿಂದಲೇ ಆ ಸದ್ದನ್ನು ಅವರು ಹುಟ್ಟಿಸಬೇಕು. ‘ಸರಸರ’ ಅಂದಾಗ ಒಬ್ಬ ಪುಸ್ತಕದ ಹಾಳೆ ಮಗುಚಿದ, ಇನ್ನೊಬ್ಬ ಚಾಪೆಯ ಮೇಲೆ ಹಾವಿನಂತೆ ತೆವಳಿದ. ಎರಡೂ ಸರಿ.

ಇನ್ನು ಕ್ರಿಯಾಪದಗಳು. ಇವಕ್ಕೆ ನನ್ನ ಮಟ್ಟಿಗೆ ಬಿಸಿಯೂಟದ ಅಡುಗೆಮನೆಗಿಂತ ದೊಡ್ಡ ಪಾಠಶಾಲೆ ಇಲ್ಲ. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾಯಿತು. ಈಗ ನಮ್ಮ ಶಾಲೆಗಳ ಆವರಣದಲ್ಲೇ ಒಲೆ ಉರಿಯುತ್ತದೆ, ಆದರೆ ಆ ಕೋಣೆಯನ್ನು ಪಾಠಕ್ಕೆ ಬಳಸಿಕೊಳ್ಳುವುದು ನಮಗೆ ಹೊಳೆಯುವುದೇ ಕಡಿಮೆ. ನಾಲ್ಕನೇ ತರಗತಿಯ ಮಕ್ಕಳನ್ನು ಗುಂಪುಗುಂಪಾಗಿ ಅಡುಗೆಯಕ್ಕನ ಕೋಣೆಯ ಬಾಗಿಲ ಬಳಿ, ಒಲೆಯಿಂದ ದೂರದಲ್ಲಿ ಕೂರಿಸುತ್ತೇನೆ. ಕೈಯಲ್ಲಿ ಒಂದು ಚೀಟಿ, ಒಂದು ಪೆನ್ಸಿಲ್. ಅಕ್ಕನ ಕೈ ಏನೇನು ಮಾಡುತ್ತದೆಯೋ ಅದನ್ನೆಲ್ಲ ಬರೆದುಕೊಳ್ಳಬೇಕು. ‘ಮಾಡುತ್ತಾರೆ’ ಅನ್ನುವ ಪದ ಮಾತ್ರ ಬರೆಯಕೂಡದು.

ಆ ಒಂದು ಪದಕ್ಕೆ ಬಾಗಿಲು ಹಾಕಿದ ಮೇಲೆ ನೋಡಿ: ಅಕ್ಕಿ ಆರಿಸಿದರು, ಕೇರಿದರು, ತೊಳೆದರು. ಸೊಪ್ಪು ಬಿಡಿಸಿದರು, ಈರುಳ್ಳಿ ಹೆಚ್ಚಿದರು, ಬೆಳ್ಳುಳ್ಳಿ ಸುಲಿದು ಜಜ್ಜಿದರು. ಕಾಯಿ ತುರಿದರು, ಹುಣಸೆಹಣ್ಣು ಕಿವುಚಿದರು, ಬೇಳೆ ಕಡೆದರು, ಒಗ್ಗರಣೆ ಕೊಟ್ಟರು. ತರಗತಿಗೆ ವಾಪಸ್ ಬಂದ ಮೇಲೆ ಮೂಕಾಭಿನಯ. ಒಬ್ಬರು ಮಾಡಿ ತೋರಿಸಬೇಕು, ಇತರರು ಪದ ಹೇಳಬೇಕು. ಒಮ್ಮೆ ಒಬ್ಬ ಹುಡುಗ ಎರಡು ಕೈಯಲ್ಲೂ ಏನನ್ನೋ ಹಿಂಡುವ ಹಾಗೆ ಮಾಡಿದ. ‘ಹಿಂಡುವುದು’ ಅಂದರು. ಅಲ್ಲ ಅಂತ ತಲೆ ಅಲ್ಲಾಡಿಸಿದ. ‘ಹಿಸುಕುವುದು’ ಅಂದರು. ಅದೂ ಅಲ್ಲ. ಅವನು ಕಿವುಚುತ್ತಿದ್ದ. ನಿಂಬೆಹಣ್ಣು ಹಿಂಡುವುದಕ್ಕೂ ನೀರಲ್ಲಿ ಹುಣಸೆಹಣ್ಣು ಕಿವುಚುವುದಕ್ಕೂ ಇರುವ ವ್ಯತ್ಯಾಸದ ಮೇಲೆ ಅಲ್ಲಿ ನಡೆದ ಜಗಳವನ್ನು ಯಾವ ನಿಘಂಟು ನೋಡಿದ್ದರೂ ಸಂತೋಷಪಡುತ್ತಿತ್ತು. ತೀರ್ಪಿಗೆ ಅಡುಗೆಯಕ್ಕನನ್ನೇ ಕರೆದೆವು. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು, ಎರಡನ್ನೂ ಮಾಡಿ ತೋರಿಸಿ ಹೋದರು. ಶಾಲೆಯಲ್ಲಿ ತನ್ನಿಂದಲೂ ಕಲಿಯುವುದಿದೆ ಅಂತ ಆ ತಾಯಿಗೆ ಅನ್ನಿಸಿದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ನನಗೆ ಅದು ಪಾಠದಷ್ಟೇ ದೊಡ್ಡದು.

ಮನೆಯ ಮಾತಿನ ವಿಷಯಕ್ಕೆ ಬರುತ್ತೇನೆ. ಪದಸಂಪತ್ತು ಬೆಳೆಸಬೇಕು ಅನ್ನುತ್ತಲೇ ಮಗು ಮನೆಯಿಂದ ತಂದ ಸಂಪತ್ತನ್ನು ಬಾಗಿಲಲ್ಲೇ ಇಳಿಸಿಬಿಡುವ ಅಭ್ಯಾಸ ನಮ್ಮಲ್ಲಿದೆ. ‘ಹಾಗಲ್ಲ, ಪುಸ್ತಕದಲ್ಲಿರುವ ಹಾಗೆ ಹೇಳು’ ಅಂದುಬಿಡುತ್ತೇವೆ. ನಮ್ಮ ಮಕ್ಕಳು ಮಂಡಕ್ಕಿ ಅನ್ನುವುದನ್ನು ಧಾರವಾಡದ ಕಡೆ ಚುರುಮುರಿ ಅನ್ನುತ್ತಾರೆ, ಮೈಸೂರಿನ ಕಡೆ ಪುರಿ ಅನ್ನುತ್ತಾರೆ. ಒಂದು ಕಡೆಯ ಕಡಲೆಕಾಯಿ ಇನ್ನೊಂದು ಕಡೆ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಪೊರಕೆಗೆ ಇಲ್ಲಿ ಕಸಬರಿಗೆ, ಘಟ್ಟದ ಕೆಳಗೆ ಹಿಡಿಸೂಡಿ. ಇವುಗಳಲ್ಲಿ ಒಂದು ಸರಿ, ಉಳಿದದ್ದು ತಪ್ಪು ಅಂತ ಹೇಳುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ತರಗತಿಯ ಹಿಂದಿನ ಗೋಡೆಗೆ ಸಿಮೆಂಟು ಚೀಲದ ಕಂದು ಕಾಗದ ಅಂಟಿಸಿ ‘ನಮ್ಮನೆ ಪದ’ ಅಂತ ಬರೆದಿದ್ದೇವೆ. ಪ್ರತಿ ಶನಿವಾರ ಒಂದು ವಸ್ತುವಿನ ಹೆಸರು ಕೊಡುತ್ತೇನೆ. ಅಜ್ಜಿ, ಅಜ್ಜ, ದೂರದ ಊರಿಂದ ಮದುವೆಯಾಗಿ ಬಂದ ಚಿಕ್ಕಮ್ಮ, ಯಾರನ್ನಾದರೂ ಕೇಳಿ, ಆ ವಸ್ತುವಿಗಿರುವ ಇನ್ನೊಂದು ಹೆಸರನ್ನು ಸೋಮವಾರ ತರಬೇಕು. ತಂದ ಪದವನ್ನು ತಂದವರೇ ಬರೆದು ಕೆಳಗೆ ಊರಿನ ಹೆಸರು ಹಾಕುತ್ತಾರೆ.

ನಮ್ಮ ಶಾಲೆಗೆ ತಾಂಡಾದಿಂದಲೂ ಮಕ್ಕಳು ಬರುತ್ತಾರೆ. ಅವರ ಮನೆಮಾತು ಲಂಬಾಣಿ. ಅಮ್ಮ ಅಂದರೆ ಯಾಡಿ, ರೊಟ್ಟಿ ಅಂದರೆ ಬಾಟಿ. ಒಂದನೇ ತರಗತಿಗೆ ಬಂದಾಗ ಈ ಮಕ್ಕಳು ವಾರಗಟ್ಟಲೆ ಬಾಯಿ ಬಿಡುವುದಿಲ್ಲ. ಅವರಿಗೆ ತಿಳಿವಳಿಕೆ ಕಡಿಮೆ ಅಂತ ಯಾರಾದರೂ ಬರೆದರೆ ಅದು ದೊಡ್ಡ ಅನ್ಯಾಯ. ರೊಟ್ಟಿ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತು, ಅದರ ಕನ್ನಡದ ಹೆಸರು ಬೇಕಾಗಿದೆ ಅಷ್ಟೆ. ಕಂದು ಕಾಗದದ ಮೇಲೆ ‘ಬಾಟಿ’ ಅಂತ ಬರೆದ ದಿನ ಒಬ್ಬ ಹುಡುಗಿ ಎದ್ದು ಬಂದು ಆ ಪದವನ್ನು ಬೆರಳಲ್ಲಿ ಮುಟ್ಟಿದಳು. ಆಮೇಲೆ ಉಳಿದ ಮಕ್ಕಳಿಗೆಲ್ಲ ಅದನ್ನು ಹೇಳಿಕೊಟ್ಟವಳು ಅವಳೇ. ಬೇರೆಯವರು ತನ್ನ ಪದ ಕಲಿಯುತ್ತಿದ್ದಾರೆ ಅಂತ ಕಂಡಮೇಲೆ ಅವರ ಪದ ಕಲಿಯಲು ಅವಳಿಗೂ ಧೈರ್ಯ ಬಂತು.

ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆಷ್ಟನ್‌ ವಾರ್ನರ್ ಅಂತ ಒಬ್ಬ ಶಿಕ್ಷಕಿ ಇದ್ದರು. ಮಾವೋರಿ ಬುಡಕಟ್ಟಿನ ಪುಟ್ಟ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಆ ಅನುಭವವನ್ನು 1963ರಲ್ಲಿ ಪ್ರಕಟವಾದ ‘ಟೀಚರ್’ ಪುಸ್ತಕದಲ್ಲಿ ಬರೆದರು. ಬೆಳಿಗ್ಗೆ ಒಬ್ಬೊಬ್ಬ ಮಗುವನ್ನೂ ಹತ್ತಿರ ಕರೆದು ನಿನಗೆ ಯಾವ ಪದ ಬೇಕು ಅಂತ ಕೇಳುವುದು, ಮಗು ಹೇಳಿದ್ದನ್ನು ದಪ್ಪ ರಟ್ಟಿನ ಮೇಲೆ ಬರೆದು ಅದರ ಕೈಗೇ ಕೊಡುವುದು ಅವರ ಕ್ರಮ. ಮರುದಿನ ಮಗು ಗುರುತಿಸದೇ ಹೋದ ಪದವನ್ನು ಅವರು ಎಸೆದುಬಿಡುತ್ತಿದ್ದರು. ಮಗು ಮರೆಯಿತು ಅಂದರೆ ಅದು ಅದರ ಮನಸ್ಸಿನ ಪದ ಅಲ್ಲ ಅಂತ ಅವರ ಲೆಕ್ಕ. ಇದನ್ನು ಓದಿದ ಮೇಲೆ ನಾನೂ ಎರಡನೇ ತರಗತಿಯಲ್ಲಿ ಹಾಗೇ ಕೇಳಲು ಶುರುಮಾಡಿದೆ. ಮಕ್ಕಳು ಕೇಳಿದ ಪದಗಳು ಯಾವ ಪಠ್ಯಪುಸ್ತಕದ ಕ್ರಮಕ್ಕೂ ಸಿಗುವಂಥವಲ್ಲ. ಜೆಸಿಬಿ, ದೆವ್ವ, ಟ್ರ್ಯಾಕ್ಟರ್, ಉಯ್ಯಾಲೆ, ಎಮ್ಮೆಕರು. ಒಬ್ಬ ಹುಡುಗ ‘ಗುಳೆ’ ಅಂತ ಬರೆದುಕೊಡಿ ಅಂದ. ಅವನ ಅಪ್ಪ ಅಮ್ಮ ಆ ವಾರವೇ ಕಾಫಿ ತೋಟದ ಕೆಲಸಕ್ಕೆ ಹೊರಟಿದ್ದರು. ಅವನು ಓದಲು ಕಲಿತ ಮೊದಲ ಪದಗಳಲ್ಲಿ ಅದೂ ಒಂದು.

ಚಟುವಟಿಕೆಗಳ ಮೂಲಕ ಕಲಿಸುವ ನಮ್ಮ ರಾಜ್ಯದ ನಲಿ-ಕಲಿ ಪದ್ಧತಿಯ ಬಗ್ಗೆ ಕೇಳುಗರಲ್ಲಿ ಬಹಳ ಜನಕ್ಕೆ ಗೊತ್ತಿದೆ. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ಬೆಂಬಲದಿಂದ ಅದನ್ನು ಆರಂಭಿಸಿದರು. ನಲಿ-ಕಲಿಯಲ್ಲಿ ಅಕ್ಷರ ಅ ಆ ಇ ಈ ಅಂತ ಶುರುವಾಗುವುದಿಲ್ಲ, ರ ಗ ಸ ದ ಅ ಅಂತ ಶುರುವಾಗುತ್ತದೆ. ಈ ಐದೇ ಅಕ್ಷರದಲ್ಲಿ ಸರ, ದರ, ರಸ, ಅಗಸ, ಅರಸ, ಗರಗಸ ಎಲ್ಲ ಬಂದುಬಿಡುತ್ತವೆ. ಅಕ್ಷರಮಾಲೆ ಮುಗಿಯುವ ತನಕ ಪದಕ್ಕಾಗಿ ಕಾಯಬೇಕಾಗಿಲ್ಲ. ಐದು ಮಕ್ಕಳ ಕೊರಳಿಗೆ ಐದು ಅಕ್ಷರದ ರಟ್ಟು ಹಾಕಿ, ನಾನು ಗರಗಸದ ಚಿತ್ರ ತೋರಿಸಿದರೆ ಅವರು ಓಡಿ ಸಾಲಾಗಿ ನಿಲ್ಲಬೇಕು. ಎರಡು ‘ಗ’ ಬೇಕು, ಇರುವುದು ಒಂದೇ. ಆಗ ‘ಗ’ ಆದ ಮಗು ಮೊದಲ ಜಾಗದಿಂದ ಮೂರನೇ ಜಾಗಕ್ಕೆ ಓಡುವುದನ್ನು ನೀವು ನೋಡಬೇಕು. ಇಲ್ಲಿ ನಾನು ಚಿತ್ರವನ್ನೇ ತೋರಿಸುತ್ತೇನೆ, ಪದವನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಿಬಿಟ್ಟರೆ ಗರಗಸ ಏನೆಂದು ತಿಳಿಯದೆಯೂ ಸಾಲು ಕಟ್ಟಬಹುದು.

ಒಂದು ವಿಚಾರದಲ್ಲಿ ನಾನು ತುಂಬ ಖಡಾಖಂಡಿತ. ‘ಔಟ್’ ಆಗುವ ಆಟಗಳನ್ನು ಪದ ಕಲಿಸಲು ಬಳಸಬಾರದು. ಅಂತ್ಯಾಕ್ಷರಿಯನ್ನೇ ನೋಡಿ. ಹೇಳಲಾಗದವರು ಹೊರಗೆ ಹೋಗಿ ಗೋಡೆಗೆ ಒರಗಿ ಕೂರುತ್ತಾರೆ. ಕೊನೆಗೆ ಉಳಿಯುವವರು ಮೊದಲೇ ಹೆಚ್ಚು ಪದ ಬಲ್ಲ ಇಬ್ಬರು. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಹೊರಗೆ. ಅದಕ್ಕೇ ನಮ್ಮ ಅಂತ್ಯಾಕ್ಷರಿಯಲ್ಲಿ ಔಟ್ ಇಲ್ಲ, ಇಬ್ಬರಿಬ್ಬರ ಜೋಡಿ. ಜೋಡಿ ಪಿಸುಮಾತಾಡಿಕೊಂಡು ಹೇಳಬಹುದು, ಸಿಗದಿದ್ದರೆ ಗೋಡೆಯ ಪಟ್ಟಿ ನೋಡಬಹುದು, ಆದರೆ ಹೇಳಿದ ಪದವನ್ನು ಒಂದು ವಾಕ್ಯದಲ್ಲಿ ಬಳಸಲೇಬೇಕು. ‘ಜೋಳ’, ‘ಬಣ್ಣ’ ಅಂತ ಮುಗಿದರೆ ‘ಳ’, ‘ಣ’ದಿಂದ ಶುರುವಾಗುವ ಪದ ಎಲ್ಲಿಂದ ತರುವುದು? ಅದಕ್ಕೆ ‘ಲ’, ‘ನ’ ಹಿಡಿಯಬಹುದು ಅಂತ ಮಕ್ಕಳೇ ಕಾನೂನು ಮಾಡಿದ್ದಾರೆ.

ಜೋಡಿ ಅಂದಾಗ ನೆನಪಾಯಿತು, ಜೋಡುನುಡಿಯ ಆಟ. ಹಣ್ಣುಹಂಪಲು, ಬಟ್ಟೆಬರೆ, ಹೊಲಗದ್ದೆ, ಪಾತ್ರೆಪಡಗ, ಹುಳಹುಪ್ಪಟೆ, ಗಿಡಗಂಟೆ, ಕಸಕಡ್ಡಿ. ಅರ್ಧ ಒಂದು ಚೀಟಿಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಎಲ್ಲರೂ ಅಂಗಳದಲ್ಲಿ ತಂತಮ್ಮ ಅರ್ಧವನ್ನು ಕೂಗುತ್ತಾ ಸಂಗಾತಿಯನ್ನು ಹುಡುಕಬೇಕು. ಸಿಕ್ಕವರು ಸುಮ್ಮನೆ ನಿಲ್ಲುವ ಹಾಗಿಲ್ಲ, ಆ ಜೋಡುನುಡಿ ಬರುವ ಒಂದು ಸುದ್ದಿ ಹೇಳಬೇಕು. “ನಮ್ಮ ಹಿತ್ತಲಲ್ಲಿ ಗಿಡಗಂಟೆ ಬೆಳೆದು ಹಾವು ಬಂದಿತ್ತು ಮಿಸ್” ಅಂತ. ‘ಗಾರ’ ಸೇರಿಸುವ ಆಟವೂ ಇದೆ. ಹಾಡುಗಾರ, ಕೆಲಸಗಾರ, ಮೋಸಗಾರ ಅಂತ ಹೇಳುತ್ತಾ ಹೋಗಿ ‘ನಿದ್ದೆಗಾರ’, ‘ಮೊಬೈಲುಗಾರ’ ಅಂತ ತಾವೇ ಹೊಸದನ್ನು ಕಟ್ಟುತ್ತಾರೆ. ಅದನ್ನು ತಪ್ಪು ಅಂತ ಹೊಡೆದುಹಾಕಬೇಡಿ. ಪದ ಹೇಗೆ ಹುಟ್ಟುತ್ತದೆ ಅನ್ನುವುದು ಆ ಮಗುವಿಗೆ ತಿಳಿದಿದೆ ಅಂತ ಅರ್ಥ. ಒಗಟನ್ನೂ ಹಾಗೆಯೇ ಕಟ್ಟಿಸುತ್ತೇನೆ. ಜರಡಿಯ ಬಗ್ಗೆ ಐದನೇ ತರಗತಿಯ ಒಬ್ಬಳು “ಮೈಯೆಲ್ಲ ತೂತು, ಆದರೂ ಬೇಕಾದ್ದನ್ನು ಬಿಡೋದಿಲ್ಲ” ಅಂದಳು. ಜರಡಿಯ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಆಟ ಎಷ್ಟೇ ಚೆನ್ನಾಗಿರಲಿ, ಒಂದು ಸಲ ಆಡಿ ಬಿಟ್ಟರೆ ಪದ ನಿಲ್ಲುವುದಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದ. ಕಲಿತದ್ದು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಬೇಗಬೇಗ ಜಾರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ಎದುರಾದರೆ ಉಳಿಯುತ್ತದೆ. ಇದಕ್ಕೆ ನಮ್ಮಲ್ಲಿ ಮೂರು ಡಬ್ಬಿಗಳಿವೆ, ಖಾಲಿ ಸಿಹಿತಿಂಡಿ ಡಬ್ಬಿಗಳು. ಹೊಸ ಪದದ ಚೀಟಿ ‘ದಿನದ ಡಬ್ಬಿ’ಗೆ. ಮಗು ಅದನ್ನು ಸರಿಯಾಗಿ ಬಳಸಿದರೆ ‘ಸಂತೆ ಡಬ್ಬಿ’ಗೆ, ಅಂದರೆ ವಾರದ ಸಂತೆಯ ದಿನ ಅದನ್ನು ತೆಗೆಯುತ್ತೇವೆ. ಅಲ್ಲೂ ಗೆದ್ದರೆ ‘ಹುಣ್ಣಿಮೆ ಡಬ್ಬಿ’, ತಿಂಗಳಿಗೊಮ್ಮೆ. ಎಲ್ಲಾದರೂ ಎಡವಿದರೆ ಚೀಟಿ ಮತ್ತೆ ದಿನದ ಡಬ್ಬಿಗೆ ಬರುತ್ತದೆ, ಮಗುವಿಗೆ ಬೈಗುಳ ಬರುವುದಿಲ್ಲ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ಇಂಥ ಡಬ್ಬಿಗಳ ಕ್ರಮವನ್ನು ಪ್ರಚಾರಕ್ಕೆ ತಂದರು. ಹೆಸರುಗಳು ಮಾತ್ರ ನಮ್ಮ ಊರಿನವು.

ಇಂಗ್ಲಿಷಿಗೂ ಇದೇ ದಾರಿ. ನಮ್ಮ ಮಕ್ಕಳು ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಯುತ್ತಾರೆ, ಸ್ಪೆಲ್ಲಿಂಗ್ ಬಾಯಿಪಾಠದಲ್ಲಿ ಸುಸ್ತಾಗುತ್ತಾರೆ. ಅಮೆರಿಕದ ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞರು ಹೊಸ ಭಾಷೆಯನ್ನು ಆಜ್ಞೆ ಮತ್ತು ಅಂಗಚಲನೆಯ ಮೂಲಕ ಕಲಿಸುವ ವಿಧಾನ ರೂಪಿಸಿದರು. ಮೇಡಂ ಹೇಳಬೇಕು, ಮಗು ಮಾಡಬೇಕು. ಮಾತನಾಡಲು ಒತ್ತಾಯವಿಲ್ಲ, ಬಾಯಿ ತಾನಾಗಿ ತೆರೆಯುವ ತನಕ ಕಾಯಬೇಕು. ‘ಜಂಪ್’, ‘ಟರ್ನ್’, ‘ಟಚ್ ದಿ ವಾಲ್’ ಅಂತ ಆಡಿಸಿದರೆ ಸಾಕು. ಕನ್ನಡ ಗೊತ್ತಿಲ್ಲದೆ ಬೆಂಗಳೂರಿನ ಶಾಲೆಗೆ ಸೇರುವ ವಲಸೆ ಕಾರ್ಮಿಕರ ಮಕ್ಕಳಿಗೂ ಕುಂಟು, ಜಿಗಿ, ಬಾಗು, ತೆವಳು, ನುಸುಳು ಅಂತ ಇದೇ ರೀತಿ ಕನ್ನಡ ಕಲಿಸಬಹುದು.

ಶಿಕ್ಷಕ ಬಂಧುಗಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆಲ್ಲ ಸಮಯ ಎಲ್ಲಿದೆ, ಪಾಠ ಮುಗಿಸಬೇಡವೇ? ಅವರ ಕಷ್ಟ ನನಗೆ ಗೊತ್ತು. ದಾಖಲೆ ಬರೆಯುವುದು, ಸಮೀಕ್ಷೆ, ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವುದು, ಎಲ್ಲವೂ ನಿಜ. ಅದಕ್ಕೇ ಬೇರೆ ಅವಧಿ ಬೇಡ ಅನ್ನುತ್ತೇನೆ. ನಾಳೆ ಮಾಡುವ ಪಾಠದಿಂದ ನಾಲ್ಕು ಪದ ಮಾತ್ರ ಆರಿಸಿ, ಹತ್ತು ಬೇಡ. ಪಾಠ ಓದುವ ಮೊದಲು ಹತ್ತು ನಿಮಿಷ ಆ ನಾಲ್ಕರ ಆಟ ಆಡಿಸಿ. ಆಮೇಲೆ ಪಾಠ ಓದುವಾಗ ಆ ಪದ ಬಂದ ಜಾಗದಲ್ಲಿ ಮಕ್ಕಳೇ ಚಪ್ಪಾಳೆ ತಟ್ಟಲಿ. ಪಟ್ಟಿಯನ್ನು ನಕಲು ಮಾಡಿಸುವ ಸಮಯ ಉಳಿಯುತ್ತದೆ, ಲೆಕ್ಕ ಸರಿಹೋಗುತ್ತದೆ. ಪರೀಕ್ಷೆಯಲ್ಲೂ ‘ಅರ್ಥ ಬರೆಯಿರಿ’ ಅನ್ನುವ ಬದಲು ‘ಈ ಪದ ನಿನಗೆ ಯಾವಾಗ ಬೇಕಾಗುತ್ತದೆ, ಹೇಳು’ ಅಂತ ಬಾಯಿಮಾತಿನಲ್ಲಿ ಕೇಳಿ ನೋಡಿ.

ತಂದೆತಾಯಂದಿರಿಗೂ ಒಂದು ಮಾತು. ಸೋಮವಾರ ಬೆಳಿಗ್ಗೆ ನಿಮ್ಮ ಮಗು ‘ಅಜ್ಜಿ, ಮೊರಕ್ಕೆ ನಿಮ್ಮ ತವರಲ್ಲಿ ಏನಂತಾರೆ?’ ಅಂತ ಕೇಳಿಕೊಂಡು ಬಂದರೆ, ಶಾಲೆಗೆ ಹೊತ್ತಾಯಿತು ಅಂತ ಗದರಬೇಡಿ. ಅಜ್ಜಿ ಹೇಳಿ ಮುಗಿಸುವ ತನಕ ನಾವು ಹಾಜರಿ ಕರೆಯುವುದನ್ನು ಸ್ವಲ್ಪ ತಡ ಮಾಡುತ್ತೇವೆ.